ಮಕ್ಕಳು ಬೆರಳಲ್ಲಿ ತಿದ್ದೋ ಒರಟು ಅಕ್ಷರ, ಅಂಕಿ: ಮನೇಲೇ ಮಾಡೋದು ಹೇಗೆ?

ಅಕ್ಷರಪೆಟ್ಟಿಗೆ:
ಮೂರೂವರೆಯಿಂದ ಐದು ವರ್ಷದ 12 ಮಕ್ಕಳಿಗೆ ಬೆರಳಿಟ್ಟು ತಿದ್ದೋಕೆ ಕನ್ನಡ ಅಕ್ಷರ ಮತ್ತು ಅಂಕಿಗಳ ಸೆಟ್ ಬೇಕು. ಈಗ ಮಾಡಿರೋದು ಹೀಗೆ: ಡ್ರಾಯಿಂಗ್ ಶೀಟ್ ಮೇಲೆ ಅಕ್ಷರ ಬರೆದು, ಗೋಂದು ಹಚ್ಚಿ, ಚಿರೋಟಿ ರವೆ ಉದುರಿಸಿದ್ದು. ಮೂರು ತೊಂದರೆ ಕಾಣ್ತಿದೆ. ಶೀಟ್ ಒಣಗಿದ ಮೇಲೆ ಹಪ್ಪಳದ ಥರ ಸುರುಳಿ ಸುತ್ತುತ್ತೆ. ವಾರದೊಳಗೆ ರವೆ ಉದುರಿ ಬರೀ ಗೋಂದಿನ ಗೆರೆ ಉಳಿಯುತ್ತೆ. ಅ, ಇ, ಈ ಥರದ ಅಕ್ಷರಗಳಲ್ಲಿ ಒಳಗಿನ ಸುಳಿ ಪೂರ್ತಿ ಮುಚ್ಚಿಹೋಗಿ ಬರೀ ಮುದ್ದೆ ಕಾಣುತ್ತೆ.

ಯಾವ ಸಾಮಗ್ರಿ ಬಾಳಿಕೆ ಬರುತ್ತೆ, ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಅಕ್ಷರದಿಂದ ಶುರು ಮಾಡಬೇಕು? ಅಂಕಿ ೧ ೨ ೩ ಮಾಡೋದೋ, 1 2 3 ಮಾಡೋದೋ? ಮಾಡಿ ಗೊತ್ತಿರೋರು ಅಳತೆ ಸಮೇತ ಹೇಳಿ.

ಉಪ್ಪುಕಾಗದ:
49 ಅಕ್ಷರ ಮಾಡೋ ಯೋಚನೆ ಇದ್ರೆ ರವೆ ಬಿಡಿ, ಸ್ಯಾಂಡ್ ಪೇಪರ್‌ಗೆ ಬನ್ನಿ. ಒಂದು ಸಲ ಕಷ್ಟಪಟ್ಟು ಕತ್ತರಿಸಿದ್ರೆ ವರ್ಷಗಟ್ಟಲೆ ಬರುತ್ತೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ನಂಬರ್ ಹೇಳಿ ಕೇಳಿ: 120 ಅಥವಾ 150. ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು. 60, 80 ಆದ್ರೆ ಬೆರಳಿನ ಚರ್ಮ ತರಚುತ್ತೆ, ಮಗು ಎರಡನೇ ಸಲ ಮುಟ್ಟೋದೇ ಇಲ್ಲ. 220ರ ಮೇಲೆ ಹೋದ್ರೆ ಒರಟು ಗೊತ್ತೇ ಆಗಲ್ಲ. ಮರ ಉಜ್ಜೋ, ಕಾಗದದ ಬೆನ್ನಿರೋ ಹಾಳೆ ತಗೊಳ್ಳಿ. ಬಟ್ಟೆ ಬೆನ್ನಿನದು ಕತ್ತರಿಸಿದ ಅಂಚಲ್ಲೆಲ್ಲ ನೂಲು ಬಿಡುತ್ತೆ.

ಅಳತೆ: ಅಕ್ಷರದ ಮೈ 10 ಸೆಂ.ಮೀ. ಎತ್ತರ, ಅಗಲ 11 ಸೆಂ.ಮೀ. ಒಳಗೆ. ಗೆರೆಯ ದಪ್ಪ 8 ಮಿ.ಮೀ. ಒಳಗಿನ ಸುಳಿಯ ಖಾಲಿ ಜಾಗ 7 ಮಿ.ಮೀ.ಗಿಂತ ಕಮ್ಮಿ ಆಗಬಾರದು. ನಿಮ್ಮ 'ಇ' ಮುದ್ದೆ ಆಗ್ತಿರೋದು ಇಲ್ಲೇ. ಇಂಗ್ಲಿಷ್ ಅಕ್ಷರದ ಚಾರ್ಟ್ ನೋಡಿ 6 ಸೆಂ.ಮೀ. ಎತ್ತರಕ್ಕೆ ಬರೆದ್ರೆ ಎಲ್‌ಗೆ, ಟಿಗೆ ಸಾಕು. ನಮ್ಮ ದುಂಡಕ್ಷರದ ಸುಳಿಗೆ ಸಾಲದು.

ಕಂಪ್ಯೂಟರಲ್ಲಿ ಪ್ರಿಂಟ್ ತೆಗೆಯೋದಾದ್ರೆ ಗೆರೆ ಎಲ್ಲ ಕಡೆ ಒಂದೇ ದಪ್ಪ ಇರೋ ಫಾಂಟ್ ಬೇಕು, ನೋಟೋ ಸ್ಯಾನ್ಸ್ ಕನ್ನಡ ಥರದ್ದು. ಅಲ್ಲಿ 400 ಪಾಯಿಂಟ್ ಅಂದ್ರೆ 14 ಸೆಂ.ಮೀ. ಅಂತ ಲೆಕ್ಕ, ಆದ್ರೆ ಅಕ್ಷರ ಅಷ್ಟು ಎತ್ತರ ಬರಲ್ಲ. ಒತ್ತಕ್ಷರಕ್ಕೆ, ಗುಡಿಸು–ಏತ್ವಕ್ಕೆ ಅಂತ ಮೇಲೆ ಕೆಳಗೆ ಜಾಗ ಬಿಟ್ಟಿರ್ತಾರೆ. ಒಂದು ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ನೋಡಿ, ಆಮೇಲೆ ಹಿಗ್ಗಿಸಿ. ನೇರ ಫಾಂಟ್ ಆಕಾರ ಕತ್ತರಿಸೋದಕ್ಕಿಂತ ಪ್ರಿಂಟ್ ಮೇಲೆ ದಪ್ಪ ಸ್ಕೆಚ್ ಪೆನ್ನಲ್ಲಿ ಕೈಬರಹದ ಥರ ಒಂದು ಸಲ ತಿದ್ದಿಕೊಂಡ್ರೆ ಇನ್ನೂ ಒಳ್ಳೇದು.

ಸಾಮಾನ್ಯ 9×11 ಇಂಚಿನ ಹಾಳೆಯಲ್ಲಿ ಈ ಅಳತೆಯ ನಾಲ್ಕು ಅಕ್ಷರ ಬರುತ್ತೆ. 49ಕ್ಕೆ 13 ಹಾಳೆ. ಅಂಕಿ 7 ಸೆಂ.ಮೀ. ಅಗಲ ಸಾಕು, ಒಂದು ಹಾಳೆಗೆ ಎಂಟು ಕೂರುತ್ತೆ, ಹತ್ತು ಅಂಕಿಗೆ 2 ಹಾಳೆ. ಕೈ ತಪ್ಪೋದಕ್ಕೆ ಅಂತ ಎರಡು ಸೇರಿಸಿ 17 ತನ್ನಿ.

ಕತ್ತರಿಸೋದು ಹಿಂಬದಿಯಿಂದ. ಮುಂಬದಿಯಿಂದ ಕತ್ತರಿಸಿದ್ರೆ ಕಾಳು ಸಿಡಿಯುತ್ತೆ, ಕತ್ತರಿ ಎರಡು ಅಕ್ಷರಕ್ಕೇ ಮೊಂಡಾಗುತ್ತೆ. ಅಡುಗೆಮನೆ ಕತ್ತರಿ ತರಬೇಡಿ, ಹಾಳಾಗಲಿ ಅಂತ ಒಂದು ಹಳೇದು ಇಟ್ಕೊಳ್ಳಿ. ಒಳಗಿನ ಸುಳಿಗೆ ಪೇಪರ್ ಕಟರ್, ಕೆಳಗೆ ದಪ್ಪ ರಟ್ಟು.

ಕಡಲತಡಿ:
ರವೆಯನ್ನ ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಮಾರಾಯ್ರೆ. ಹತ್ತು ಹದಿನೈದು ಅಕ್ಷರ ಸಾಕು ಅನ್ನುವವರಿಗೆ ಉದುರಿಸುವ ವಿಧಾನವೇ ಹಗುರ. ಆದರೆ ಸಾಮಗ್ರಿ ರವೆ ಅಲ್ಲ, ಮರಳು.

ಚಿರೋಟಿ ರವೆ ತುಂಬ ಸಣ್ಣ, ಗೋಂದಿನಲ್ಲಿ ಮುಳುಗಿ ಬಿಡುತ್ತದೆ, ಬೆರಳಿಗೆ ಏನೂ ಸಿಗುವುದಿಲ್ಲ. ಬನ್ಸಿ ರವೆ ಅಳತೆಗೆ ಸರಿ, ಆದರೆ ಮಳೆಗಾಲದಲ್ಲಿ ಹುಳ ಬೀಳುತ್ತದೆ. ಉಪ್ಪು ನೀರು ಎಳೆದು ಜಿಗುಟಾಗುತ್ತದೆ. ರಂಗೋಲಿ ಪುಡಿ ಕಲ್ಲಿನ ದೂಳು, ಮಕ್ಕಳ ಮೂಗಿನ ಹತ್ತಿರ ಅದನ್ನು ಉದುರಿಸುವುದೇ ಬೇಡ. ಎಂ-ಸ್ಯಾಂಡ್ ಕೂಡ ಬೇಡ: ಪುಡಿ ಮಾಡಿದ ಕಲ್ಲಾದ್ದರಿಂದ ಕಾಳಿಗೆ ಚೂಪು ಮೂಲೆ ಇರುತ್ತದೆ. ಹೊಳೆ ಮರಳು ಉರುಟು. ಸಮುದ್ರದ ಮರಳಾದರೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ, ಉಪ್ಪು ಉಳಿದರೆ ಆಷಾಢದಲ್ಲಿ ಗೋಂದು ಬಿಡುತ್ತದೆ. ಒಣಗಿಸಿ ಎರಡು ಜರಡಿ ಹಿಡಿಯಿರಿ. ಚಹಾ ಸೋಸುವ ಜಾಲರಿಯಿಂದ ಕೆಳಗೆ ಬಿದ್ದದ್ದನ್ನು ಹಿಟ್ಟಿನ ಜರಡಿಗೆ ಹಾಕಿ, ಅದರ ಮೇಲೆ ಉಳಿದದ್ದನ್ನು ಇಟ್ಟುಕೊಳ್ಳಿ.

ನಿಮ್ಮದು ಉದುರುವುದಕ್ಕೆ ಕಾರಣ ಗೋಂದಿನ ಹದ. ದಪ್ಪ ಹಚ್ಚಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಇರುತ್ತದೆ. ಕೆನೆ ಕಟ್ಟಿದ ಮೇಲೆ ಉದುರಿಸಿದ ಕಾಳು ಒಳಗೆ ಇಳಿಯುವುದಿಲ್ಲ, ಮೇಲೆ ಕೂತಿರುತ್ತದೆ ಅಷ್ಟೆ. ಒಂದು ಅಕ್ಷರಕ್ಕೆ ಅರ್ಧ ಟೀ ಚಮಚ ಬಿಳಿ ಗೋಂದು, ನೀರು ಬೆರೆಸದೆ, ಚಪ್ಪಟೆ ಬ್ರಷ್‌ನಲ್ಲಿ ತೆಳ್ಳಗೆ ಎಳೆಯಿರಿ. ಇಡೀ ಅಕ್ಷರ ಮುಗಿಸಿ ಆಮೇಲೆ ಮರಳು ಹಾಕಿದರೆ ಮೊದಲ ತುದಿ ಅಷ್ಟರಲ್ಲಿ ಆರಿರುತ್ತದೆ. ಅರ್ಧ ಹಚ್ಚಿ, ಮರಳು ಹಾಕಿ, ಉಳಿದರ್ಧ ಹಚ್ಚಿ. ಮರಳು ಗುಡ್ಡೆಯಾಗಿ ಹಾಕಿ, ಮೇಲೊಂದು ಕಾಗದ ಇಟ್ಟು ಅಂಗೈಯಿಂದ ಒತ್ತಿ. ಎರಡು ನಿಮಿಷ ಬಿಟ್ಟು ಕೊಡವಿ. ಒಂದು ದಿನ ಪೂರ್ತಿ ಒಣಗಲಿ.

ಮರುದಿನ ಗೋಂದಿಗೆ ಸಮ ನೀರು ಬೆರೆಸಿ ಒಂದೇ ಒಂದು ಕೈ, ಬ್ರಷ್ ತುದಿಯಿಂದ ತಟ್ಟಿ ತಟ್ಟಿ ಕುಡಿಸಿ. ಉಜ್ಜಬೇಡಿ. ಆಸೆಗೆ ಬಿದ್ದು ಎರಡನೇ ಕೈ ಕೊಟ್ಟರೆ ಕಾಳಿನ ಮೇಲೆ ಪೊರೆ ಕಟ್ಟಿ ಮರಳು ಹಾಕಿದ್ದೇ ವ್ಯರ್ಥ.

ಶೀಟ್ ಸುರುಳಿ ಸುತ್ತುವುದು ನೀರಿನಂಶದಿಂದ. ಒಂದು ಬದಿ ಒದ್ದೆಯಾಗಿ ಹಿಗ್ಗಿ, ಒಣಗುವಾಗ ಕುಗ್ಗಿ ಎಳೆಯುತ್ತದೆ. ತೆಳು ಕಾಗದದಲ್ಲಿ ಇದಕ್ಕೆ ಮದ್ದಿಲ್ಲ. ಹಳೆ ಡೈರಿಯ ರಟ್ಟಾದರೂ ಬೇಕು, ಅದರ ಹಿಂಬದಿಗೂ ಅದೇ ಗೋಂದಿನ ತೆಳು ಕೈ ಕೊಡಿ. ಎರಡೂ ಬದಿ ಸಮ ಎಳೆದರೆ ನೆಟ್ಟಗಿರುತ್ತದೆ.

ಅಕ್ಷರಪೆಟ್ಟಿಗೆ:
ತುಂಬಾ ಥ್ಯಾಂಕ್ಸ್. ಸ್ಯಾಂಡ್ ಪೇಪರ್ ಹಿಂಬದಿಗೆ 'ಗ', 'ಸ' ಬರೆದು ಕತ್ತರಿಸಿದೆ, ತಿರುಗಿಸಿದ್ರೆ ಎರಡೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಮತ್ತೆ ಅಂಟಿಸೋದು ಯಾವುದರ ಮೇಲೆ, ಯಾವ ಗೋಂದಲ್ಲಿ?

ಉಪ್ಪುಕಾಗದ:
ಅಯ್ಯೋ, ಅದನ್ನ ಹೇಳೋದೇ ಮರೆತೆ. ಹಿಂಬದಿಗೆ ಉಲ್ಟಾ ಅಕ್ಷರವನ್ನೇ ಬರೀಬೇಕು. ಕೈಯಲ್ಲಿ ಉಲ್ಟಾ ಬರೆಯೋ ಸಾಹಸ ಬೇಡ, ಪ್ರಿಂಟನ್ನು ಕಿಟಕಿ ಗಾಜಿಗೆ ಮುಖ ಮಾಡಿ ಅಂಟಿಸಿ, ಬೆಳಕಲ್ಲಿ ಹಿಂದಿನಿಂದ ಕಾಣೋ ಗೆರೆ ಮೇಲೆ ಪೆನ್ಸಿಲ್ ಆಡಿಸಿ. ಆ ಹಾಳೆಯ ಪೆನ್ಸಿಲ್ ಬದಿ ಮೇಲೆ ಬರೋ ಹಾಗೆ ಸ್ಯಾಂಡ್ ಪೇಪರ್ ಬೆನ್ನಿಗೆ ಕ್ಲಿಪ್ ಹಾಕಿ, ಎರಡನ್ನೂ ಸೇರಿಸಿ ಕತ್ತರಿಸಿ. ಕಾರ್ಬನ್ ಕಾಗದವೂ ಬೇಕಾಗಲ್ಲ. ಉಲ್ಟಾ ಆಗಿರೋ 'ಗ', 'ಸ' ಎಸೀಬೇಡಿ, ಅದರಲ್ಲಿ ದೀರ್ಘದ ಕೊಂಬು, ಹೊಟ್ಟೆ ಸೀಳೋ ಚೂರು ತೆಗೀಬಹುದು.

ಬಡಗಿಮನೆ:
ಹಲಗೆ ವಿಷಯ ನಾನು ಹೇಳ್ತೀನಿ. 3 ಮಿ.ಮೀ. ಎಂಡಿಎಫ್, ಅಂದ್ರೆ ಮರದ ನಾರನ್ನ ಒತ್ತಿ ಮಾಡಿದ ಹಲಗೆ. ಪೂರ್ತಿ 8×4 ಶೀಟ್ ಬೇಡ, ಅರ್ಧ ಶೀಟ್ (4×4 ಅಡಿ) ಸಾಕು. 15×17 ಸೆಂ.ಮೀ. ಅಳತೆ ಕೊಟ್ಟರೆ ಏಳು ಸಾಲು, ಸಾಲಿಗೆ ಏಳು: ಲೆಕ್ಕ ಹಾಕಿ ಮಾಡಿದ ಹಾಗೆ 49 ಬರುತ್ತೆ. ಗರಗಸ ತಿನ್ನೋ 3 ಮಿ.ಮೀ. ಕಳೆದರೂ ಕೊನೆಗೆ 14.8 ಸೆಂ.ಮೀ. ಅಗಲದ ಪಟ್ಟಿ ಉಳಿಯುತ್ತೆ. ಅದನ್ನ 10 ಸೆಂ.ಮೀ.ಗೊಂದರಂತೆ ಕುಯ್ದರೆ ಅಂಕಿಗೆ 11 ತುಂಡು, ಬೇಕಿರೋದು ಹತ್ತೇ. ಮಿಷನ್ ಇರೋ ಪ್ಲೈವುಡ್ ಅಂಗಡಿಯವರ ಹತ್ತಿರ ಅಲ್ಲೇ ಕುಯ್ಸಿ, ಕೈ ಗರಗಸದಲ್ಲಿ ಈ ಲೆಕ್ಕ ನಿಲ್ಲಲ್ಲ.

ಮೂಲೆಗಳನ್ನ ಉಜ್ಜಿ ದುಂಡಗೆ ಮಾಡಿ. ಒಂದು ಕೈ ಪ್ರೈಮರ್, ಎರಡು ಕೈ ಎನಾಮಲ್ ಪೇಂಟ್, ಅಂಚಿಗೂ ಸೇರಿಸಿ. ಎಂಡಿಎಫ್ ನೀರು ಕುಡಿಯೋದು ಅಂಚಿನಿಂದಲೇ. ಹಲಗೆ ನುಣ್ಣಗಿದ್ದಷ್ಟೂ ಅಕ್ಷರ ಬೆರಳಿಗೆ ಸ್ಪಷ್ಟ. ಮಗು ದಾರಿ ತಪ್ಪಿ ಹಲಗೆ ಮೇಲೆ ಬಂದ ತಕ್ಷಣ ಬೆರಳು ಜಾರಬೇಕು. ಹಲಗೆಯೂ ತರಿತರಿ ಆದ್ರೆ ತಪ್ಪಿದ್ದೇ ಗೊತ್ತಾಗಲ್ಲ. ಬಣ್ಣ ಮಾಂಟೆಸ್ಸರಿಯವರ ಪದ್ಧತಿಯಲ್ಲಿ ಸ್ವರಕ್ಕೆ ನೀಲಿ, ವ್ಯಂಜನಕ್ಕೆ ಗುಲಾಬಿ, ಅಂಕಿಗೆ ಹಸಿರು.

ಅಕ್ಷರವನ್ನ ನಡುವಿಗೆ ಅಂಟಿಸಬೇಡಿ. ಎಡಗಡೆ 4 ಸೆಂ.ಮೀ. ಬಿಟ್ಟು, ಬಲಕ್ಕೆ 2. ಮಗು ಎಡಗೈಯಲ್ಲಿ ಹಲಗೆ ಒತ್ತಿ ಹಿಡಿಯೋ ಜಾಗ ಅದು. ಎಡಗೈ ಮಕ್ಕಳಿದ್ರೆ ಒಂದೈದು ಹಲಗೆ ತಿರುವುಮುರುವು ಮಾಡಿ ಇಟ್ಕೊಳ್ಳಿ.

ಅಂಟಿಸೋದು: ಎನಾಮಲ್ ಮೇಲೆ ಬಿಳಿ ಗೋಂದು ನಿಲ್ಲಲ್ಲ, ಒಣಗಿದ ಮೇಲೆ ಸಿಪ್ಪೆ ಥರ ಏಳುತ್ತೆ. ರೆಕ್ಸಿನ್, ಸನ್‌ಮೈಕಾ ಅಂಟಿಸೋ ಹಳದಿ ರಬ್ಬರ್ ಗೋಂದು ತಗೊಳ್ಳಿ. ಹಲಗೆಗೂ ಅಕ್ಷರದ ಬೆನ್ನಿಗೂ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಆರಲಿ, ಹತ್ತು ನಿಮಿಷ. ಆಮೇಲೆ ಇಟ್ಟರೆ ಇಟ್ಟಲ್ಲೇ ಹಿಡಿಯುತ್ತೆ, ಸರಿಸೋಕೆ ಆಗಲ್ಲ, ಹಾಗಾಗಿ ಪೆನ್ಸಿಲ್ ಗುರುತು ಮೊದಲೇ ಹಾಕಿರಿ. ವಾಸನೆ ಜೋರು: ಹೊರಗೆ, ಮಕ್ಕಳಿಲ್ಲದಾಗ, ಬೆಂಕಿಯಿಂದ ದೂರ. ಎರಡು ದಿನ ಗಾಳಿಗಿಟ್ಟು ಆಮೇಲೆ ಕೊಡಿ.

ತಿದ್ದಕ್ಷರ:
ಮಾಡೋದು ಆಯ್ತು, ಈಗ ತಿದ್ದಿಸೋ ವಿಷಯ. ಕತ್ತರಿಸೋ ಮೊದಲೇ ಇದನ್ನ ಯೋಚಿಸಬೇಕು, ಯಾಕಂದ್ರೆ ಬೆರಳು ಎಲ್ಲಿ ಶುರುವಾಗಿ ಎಲ್ಲಿ ಏಳುತ್ತೆ ಅನ್ನೋದರ ಮೇಲೆ ಅಕ್ಷರದ ತುಂಡು ನಿರ್ಧಾರ ಆಗುತ್ತೆ.

'ಗ' ತಗೊಳ್ಳಿ. ಮೈ ಮೊದಲು, ತಲೆಕಟ್ಟು ಕೊನೆಗೆ ಅಂತ ಕಲಿಸೋದಾದ್ರೆ ತಲೆಕಟ್ಟನ್ನು ಬೇರೆ ತುಂಡಾಗಿ ಕತ್ತರಿಸಿ, ಮೈಗೆ ಸೇರೋ ಕಡೆ 1 ಮಿ.ಮೀ. ಬಿಟ್ಟು ಅಂಟಿಸಿ. ಬೆರಳು ಅಲ್ಲಿ ತಡೆಯುತ್ತೆ, ಎತ್ತಿ ಇಡಬೇಕು ಅಂತ ಮಗುವಿಗೆ ತಿಳಿಯುತ್ತೆ. ಒಂದೇ ತುಂಡಾದ್ರೆ ಬೆರಳು ಕೂಡುವ ಜಾಗದಲ್ಲಿ ಯಾವ ಕಡೆ ಬೇಕಾದ್ರೂ ಹೊರಳುತ್ತೆ. 'ಕ'ದಲ್ಲಿ ಗೆರೆ ಗೆರೆ ದಾಟೋ ಕಡೆ ಇದು ಎದ್ದು ಕಾಣುತ್ತೆ. ಶುರುವಿಗೆ ಹಸಿರು ಚುಕ್ಕೆ ಪೇಂಟಲ್ಲಿ ಇಡಿ. ಬಾಣದ ಗುರುತುಗಳನ್ನ ಒರಟಾಗಿ ಮಾಡಬೇಡಿ, ಅದನ್ನೂ ಅಕ್ಷರದ ಭಾಗ ಅಂತ ತಿದ್ದುತ್ತವೆ.

ಕ್ರಮ: ಅ ಆ ಇ ಈ ಇಂದ ಶುರು ಮಾಡೋದು ಅಭ್ಯಾಸ, ಆದ್ರೆ ಬೆರಳಿಗೆ 'ಅ' ಸುಲಭದ ಅಕ್ಷರ ಅಲ್ಲ, 'ಈ' ಅಂತೂ ಅಲ್ಲವೇ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯವರು (ಸರ್ಕಾರಿ ಶಾಲೆಗಳ ಆಡ್ತಾ ಕಲಿಯೋ ಪದ್ಧತಿ) ರ ಗ ಸ ದ ಅ ಇಂದ ಹಿಡಿದಿದ್ದು ಸುಮ್ಮನೆ ಅಲ್ಲ. ಆ ಐದು ಬಂದ್ರೆ 'ಸರ', 'ಗರಗಸ', 'ಅಗಸ' ಓದಬಹುದು. ಮೊದಲು ಈ ಐದನ್ನೇ ಮಾಡಿ, ಒಂದು ವಾರ ಮಕ್ಕಳ ಕೈಗೆ ಕೊಟ್ಟು ನೋಡಿ, ಅಳತೆ ತಪ್ಪಿದ್ರೆ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಉಳಿದ 44.

ದ–ಧ, ಡ–ಢ, ಬ–ಭ ಜೋಡಿಗಳಲ್ಲಿ ಹೊಟ್ಟೆ ಸೀಳೋ ಚೂರು 15 ಮಿ.ಮೀ. ಉದ್ದ ಇರಲಿ. ಫಾಂಟಲ್ಲಿ ಇರೋ ಪ್ರಮಾಣಕ್ಕೆ ಮಾಡಿದ್ರೆ ಬೆರಳಿಗೆ ಸಿಗದೇ ಎರಡೂ ಒಂದೇ ಆಗುತ್ತೆ. ಈ ಜೋಡಿಗಳನ್ನ ಒಂದೇ ದಿನ ಕೊಡಬೇಡಿ. ಒತ್ತಕ್ಷರ ಈ ವಯಸ್ಸಿಗೆ ಬೇಡವೇ ಬೇಡ.

ತಿದ್ದೋ ಮೊದಲು ಉಗುರು ಬೆಚ್ಚಗಿನ ನೀರಲ್ಲಿ ಕೈ ತೊಳೆಸಿ, ಒರಟು ಟವೆಲಲ್ಲಿ ಬೆರಳ ತುದಿ ಉಜ್ಜಿಸಿ. ಸ್ಪರ್ಶ ಚುರುಕಾಗುತ್ತೆ, ಅಕ್ಷರಕ್ಕೂ ಎಣ್ಣೆ ಹತ್ತಲ್ಲ. ತೋರುಬೆರಳು, ನಡುಬೆರಳು ಜೋಡಿಸಿ, ಹಗುರವಾಗಿ. ಒತ್ತಿದ್ರೆ 120 ನಂಬರೂ ತರಚುತ್ತೆ. ಬೆರಳು ಮುಗಿಯೋ ಹೊತ್ತಿಗೆ ಅಕ್ಷರದ ಸದ್ದು ಒಂದು ಸಲ. ಮೂರು ಸಲ ತಿದ್ದಿದ ಮೇಲೆ ತಟ್ಟೆಯಲ್ಲಿ ಬರೆಸಿ: ಅಗಲ ತಟ್ಟೆಗೆ ರವೆ ಅರ್ಧ ಸೆಂ.ಮೀ. ಮಂದ, ಅದಕ್ಕಿಂತ ಹೆಚ್ಚು ಹಾಕಿದ್ರೆ ಗೆರೆ ಕುಸಿದು ಮುಚ್ಚುತ್ತೆ. ಅಕ್ಷರಾಭ್ಯಾಸಕ್ಕೆ ಅಕ್ಕಿಯಲ್ಲಿ ಬರೆಸ್ತೀವಲ್ಲ, ಅದೇ. ನಿಮ್ಮ ಚಿರೋಟಿ ರವೆ ಇಲ್ಲಿ ಖರ್ಚಾಗಲಿ.

ಕಡಲತಡಿ:
ತಲೆಕಟ್ಟಿಗೆ ಬಿಡುವ ಸಂದು 1 ಮಿ.ಮೀ. ದಾಟದಂತೆ ನೋಡಿಕೊಳ್ಳಿ. 3–4 ಆದರೆ 'ಗ' ಅಂದರೆ ಒಂದು ಕಮಾನು, ಮೇಲೊಂದು ಬೇರೆ ಗೀಟು ಅಂತ ಮಕ್ಕಳು ಹಾಗೆಯೇ ಬರೆಯುತ್ತಾರೆ. ಮರಳು ಉದುರಿಸುವವರಿಗೆ ಇಷ್ಟು ಸಣ್ಣ ಸಂದು ಸಾಧ್ಯವಿಲ್ಲ, ಅವರು ಒಂದೇ ತುಂಡು ಮಾಡಿ ಚುಕ್ಕೆ ಇಟ್ಟರೆ ಸಾಕು.

ಇನ್ನೊಂದು: ಮಣಿ, ಸಾಸಿವೆ, ಸಬ್ಬಕ್ಕಿ ಅಂಟಿಸುವ ವೀಡಿಯೊಗಳಿವೆ. ಮೂರು–ನಾಲ್ಕು ವರ್ಷದವರು ಕಿತ್ತು ಮೂಗಿಗೆ ಹಾಕಿಕೊಳ್ಳುವ ಅಳತೆ ಅದು. ಬೇಡ.

ತಿದ್ದಕ್ಷರ:
ಒಪ್ಪಿದೆ. ಅಂಕಿಯ ಪ್ರಶ್ನೆ ಉಳೀತು. ಒಂದನೇ ತರಗತಿ ಗಣಿತದ ಪುಸ್ತಕದಲ್ಲಿ ಬರೋದು 1, 2, 3, ಹಾಗಾಗಿ ಮೊದಲು ಅದು. ಕನ್ನಡ ಅಂಕಿ ಆರು ತಿಂಗಳು ಬಿಟ್ಟು, ಬೇರೆ ಬಣ್ಣದ ಹಲಗೆಯಲ್ಲಿ. ಎರಡೂ ಸೆಟ್ಟನ್ನ ಒಂದೇ ಬುಟ್ಟಿಗೆ ಹಾಕಬೇಡಿ. 6 ಮತ್ತು 9 ತಿರುಗಿಸಿದ್ರೆ ಒಂದೇ, ಅದಕ್ಕೆ ಪ್ರತಿ ಹಲಗೆಯ ಕೆಳ ಅಂಚಿಗೆ 5 ಮಿ.ಮೀ. ಬಣ್ಣದ ಪಟ್ಟಿ ಎಳೆದು "ಪಟ್ಟಿ ಹೊಟ್ಟೆ ಕಡೆ" ಅಂತ ಅಭ್ಯಾಸ ಮಾಡಿಸಿ. ಕನ್ನಡದಲ್ಲಿ ೧ರ ಕೆಳಗಿನ ಬಾಯಿ 10 ಮಿ.ಮೀ. ಆದ್ರೂ ತೆರೆದಿರಲಿ, ಇಲ್ಲಾಂದ್ರೆ ಬೆರಳು ಸೀದಾ ದಾಟಿಹೋಗಿ ಅದು ೦ ಆಗುತ್ತೆ.

ಕಪ್ಪಾದಾಗ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಒಣ ಹಲ್ಲುಜ್ಜೋ ಬ್ರಷ್‌ನಲ್ಲಿ ಗೆರೆಯ ಉದ್ದಕ್ಕೂ ಉಜ್ಜಿ. ಜೋಡಿಸಿಡುವಾಗ ಎರಡು ಹಲಗೆಗಳ ಮಧ್ಯೆ ಒಂದು ಹಾಳೆ ಇಡಿ, ಇಲ್ಲದಿದ್ರೆ ಒಂದರ ಅಕ್ಷರ ಇನ್ನೊಂದರ ಪೇಂಟ್ ಕೆರೆಯುತ್ತೆ.