ಅಡಿಕೆ ತೋಟಕ್ಕೆ ಮಿನಿ ಟ್ರ್ಯಾಕ್ಟರ್: ಸ್ಲೈಡಿಂಗ್ ಮೆಶ್ ಸಾಕಾ, ಸಿಂಕ್ರೊ ಶಟಲ್ ಬೇಕಾ?

ಚನ್ನಗಿರಿ_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ಕಡೆ ನಾಲ್ಕೂವರೆ ಎಕರೆ ಅಡಿಕೆ. 9×9 ಅಡಿ ಸಾಲು, ಮಧ್ಯ ಇದ್ದ ಬಾಳೆ ಎಲ್ಲ ತೆಗೆದಾಗಿದೆ. ಇಷ್ಟು ದಿನ ಪವರ್ ಟಿಲ್ಲರ್‌ನಲ್ಲೇ ಕೆಲಸ ಸಾಗುತ್ತಿತ್ತು. ಈಗ ಟಿಲ್ಲರ್ ಹಿಂದೆ ನಡೆಯೋಕೆ ಆಳು ಸಿಗುವುದಿಲ್ಲ, ಅಪ್ಪನಿಗೂ ಆಗುವುದಿಲ್ಲ. ಅದಕ್ಕೇ 20ರಿಂದ 28 ಎಚ್‌ಪಿ ಒಳಗೆ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ತಗೊಳ್ಳೋಣ ಅಂತ.

ಎಚ್‌ಪಿ ಬಗ್ಗೆ ತಲೆಬಿಸಿ ಇಲ್ಲ, ಗೇರ್‌ಬಾಕ್ಸ್ ಬಗ್ಗೆ ಇದೆ. ಒಂದು ಶೋರೂಮಿನವರು ಸ್ಲೈಡಿಂಗ್ ಮೆಶ್ ಸಾಕು, ಗಟ್ಟಿ, ಊರಲ್ಲೇ ರಿಪೇರಿ ಆಗುತ್ತೆ ಅಂತಾರೆ. ಇನ್ನೊಬ್ಬರು 9+3, ಅಂದರೆ ಮುಂದಕ್ಕೆ ಒಂಬತ್ತು, ಹಿಂದಕ್ಕೆ ಮೂರು ಗೇರ್ ಅಂತ ತೋರಿಸಿದರು. ಮೂರನೆಯವರು 12+12, ಸಿಂಕ್ರೊ ಶಟಲ್, ಒಂದೇ ಲಿವರ್‌ನಲ್ಲಿ ಮುಂದೆ ಹಿಂದೆ ಅಂತಾರೆ, ಆದರೆ ರೇಟ್ ಕೇಳಿದರೆ ಎದೆ ಝಲ್ ಅನ್ನುತ್ತೆ. ಇದರ ಮಧ್ಯೆ ನಮ್ಮ ಭಾವ ಎಲ್ಲೋ ಅಮೆರಿಕದ ವಿಡಿಯೊ ನೋಡಿಕೊಂಡು ಬಂದು "ಗೇರೇ ಇಲ್ಲದ್ದು ಬರುತ್ತಂತೆ, ಪೆಡಲ್ ಒತ್ತಿದರೆ ಆಯ್ತು" ಅಂತ ಹೇಳಿ ನನ್ನ ತಲೆ ಇನ್ನಷ್ಟು ಕೆಡಿಸಿದ್ದಾರೆ.

ಕೆಲಸ ಇಷ್ಟೇ: ವರ್ಷಕ್ಕೆ ಒಂದೆರಡು ಸಲ ಮೇಲುಮೇಲೆ ರೋಟವೇಟರ್ (ಮಣ್ಣು ಪುಡಿ ಮಾಡೋ ಉಪಕರಣ), ಔಷಧಿ ಹೊಡೆಯೋದು, ಗೊಬ್ಬರ ಮತ್ತು ಅಡಿಕೆ ಗೊನೆ ಸಾಗಿಸೋಕೆ ಟ್ರೈಲರ್. ತೋಟದಿಂದ ಮನೆಗೆ ಆರೇಳು ಕಿಲೋಮೀಟರ್ ರಸ್ತೆ. ಓಡಿಸೋದು ನಾನು, ಕೆಲವು ಸಲ ಅಪ್ಪ. ಯಾವುದು ತಗೊಳ್ಳಲಿ?

ದಾವಣಗೆರೆ_ಮೆಕ್ಯಾನಿಕ್

ಮೊದಲು ಆ 9+3, 12+12 ಲೆಕ್ಕ ಬಿಡಿ ಸಾರ್. ಅದು ಬರೀ ಗುಣಾಕಾರ. ಮೂರು ಗೇರ್, ಮೂರು ರೇಂಜ್ (ನಿಧಾನ, ಮಧ್ಯಮ, ಜೋರು) ಇದ್ದರೆ ಒಂಬತ್ತು ಮುಂದಿನ ಗೇರ್ ಆಯ್ತು. ನಾಲ್ಕು ಗೇರ್, ಮೂರು ರೇಂಜ್, ಜೊತೆಗೆ ಅಷ್ಟೂ ಸ್ಪೀಡ್ ಹಿಂದಕ್ಕೂ ಸಿಗೋ ಶಟಲ್ ಇದ್ದರೆ 12+12. ಗೇರ್ ಜಾಸ್ತಿ ಇದ್ದರೆ ಗಾಡಿ ಜಾಸ್ತಿ ಎಳೆಯುತ್ತೆ ಅಂತೇನಿಲ್ಲ.

ಒಳಗಿನ ವ್ಯತ್ಯಾಸ ಹೇಳ್ತೀನಿ. ಸ್ಲೈಡಿಂಗ್ ಮೆಶ್‌ನಲ್ಲಿ ಗೇರ್ ಚಕ್ರವೇ ಶಾಫ್ಟ್ ಮೇಲೆ ಜಾರಿ ಹೋಗಿ ಇನ್ನೊಂದು ಚಕ್ರದ ಹಲ್ಲಿಗೆ ಕೂರುತ್ತೆ. ಗಾಡಿ ಪೂರ್ತಿ ನಿಲ್ಲಿಸಿಯೇ ಹಾಕಬೇಕು. ಓಡುವಾಗ ತುರುಕಿದರೆ 'ಕರ್ರ್' ಅನ್ನುತ್ತೆ, ಹಲ್ಲಿನ ತುದಿ ಚಕ್ಕೆ ಏಳುತ್ತೆ. ನಮ್ಮಲ್ಲಿಗೆ ಬರೋ ಗೇರ್‌ಬಾಕ್ಸ್ ಬಿಚ್ಚಿ ಎಣ್ಣೆ ಇಳಿಸಿದರೆ ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್‌ಗೆ ಕಬ್ಬಿಣದ ಚೂರು ಮೆತ್ತಿಕೊಂಡಿರುತ್ತೆ, ಅದು ನೋಡಿದರೇ ಡ್ರೈವರ್ ಎಂಥವನು ಅಂತ ಗೊತ್ತಾಗುತ್ತೆ. ಕಾನ್‌ಸ್ಟಂಟ್ ಮೆಶ್‌ನಲ್ಲಿ ಚಕ್ರಗಳು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ, ಜಾರೋದು ಮಧ್ಯದ ಕಾಲರ್ ಮಾತ್ರ. ಸದ್ದು ಕಡಿಮೆ, ಹಲ್ಲಿಗೆ ಏಟು ಕಡಿಮೆ. ಸಿಂಕ್ರೊ ಅಂದರೆ ಅದಕ್ಕೇ ಒಂದು ರಿಂಗ್ ಸೇರಿಸಿರುತ್ತಾರೆ, ಅದು ಉಜ್ಜಿಕೊಂಡು ಎರಡರ ಸ್ಪೀಡ್ ಸಮ ಮಾಡಿದ ಮೇಲೆ ಗೇರ್ ಬೀಳುತ್ತೆ. ಕಾರಿನ ಹಾಗೆ ಓಡುತ್ತಾ ಬದಲಾಯಿಸಬಹುದು.

ಮಾರ್ಕೆಟ್‌ನಲ್ಲಿ ಮೂರೂ ಇವೆ. 15 ಎಚ್‌ಪಿಯ ಮಹೀಂದ್ರ ಯುವರಾಜ್ 215 ಸ್ಲೈಡಿಂಗ್ ಮೆಶ್, 6+3. ಕುಬೋಟಾ ಬಿ2441 ನೋಡಿದರೆ 9+3. ಮಹೀಂದ್ರ 2023ರಲ್ಲಿ ತಂದ ಓಜಾದಲ್ಲಿ 12+12 ಶಟಲ್. ಜಾನ್ ಡಿಯರ್ 3028ಇಎನ್ 8+8.

ರಿಪೇರಿ ವಿಷಯ: ಸ್ಲೈಡಿಂಗ್ ಆದರೆ ಯಾವ ಹೋಬಳಿಯಲ್ಲೂ ಬಿಚ್ಚಿ ಕಟ್ಟುತ್ತಾರೆ. ಸಿಂಕ್ರೊ ರಿಂಗ್ ಹೋದರೆ ಪಾರ್ಟ್ ಕಂಪನಿಯಿಂದ ಬರಬೇಕು. ಆದರೆ ನಿಲ್ಲಿಸಿ ಗೇರ್ ಹಾಕೋ ತಾಳ್ಮೆ ಓಡಿಸೋರಿಗೆ ಇರಲ್ಲ ಅಂದರೆ ಆ ಗಟ್ಟಿತನ ತಗೊಂಡು ಏನು ಮಾಡ್ತೀರಿ ಹೇಳಿ?

ದ್ರಾಕ್ಷಿ_ತಿಕೋಟಾ

ಮೆಕ್ಯಾನಿಕ್ ಅಣ್ಣಾವ್ರು ಹೇಳಿದ್ದು ಖರೆ ಐತ್ರಿ. ಆದರೆ ತೋಟದವರು ಮೊದಲು ನೋಡಬೇಕಾದ್ದು ಪಿಟಿಒ (ಎಂಜಿನ್ ಶಕ್ತಿಯಿಂದ ಹಿಂದಿನ ಉಪಕರಣ ತಿರುಗಿಸೋ ಶಾಫ್ಟ್) ಮತ್ತು ಕ್ಲಚ್ ಅಂತ ನಾನು ಹೇಳ್ತೀನಿ.

ನಮ್ಮದು ವಿಜಯಪುರ ಜಿಲ್ಲೆ, ದ್ರಾಕ್ಷಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮೇಲೆ ಬ್ಲೋವರ್ (ಗಾಳಿಯಿಂದ ಔಷಧಿ ಹೊಡೆಯೋ ಯಂತ್ರ) ಮನೆಗೆ ಬರುವುದೇ ಕಡಿಮೆ, ಅಷ್ಟು ಸ್ಪ್ರೇ. ಬ್ಲೋವರ್‌ಗೆ ಪಿಟಿಒ ನಿಮಿಷಕ್ಕೆ 540 ಸುತ್ತು ಬೇಕೇ ಬೇಕು, ಅಂದರೆ ಎಂಜಿನ್ ರೇಸ್ ಕಡಿಮೆ ಮಾಡಿ ಗಾಡಿ ನಿಧಾನ ಮಾಡೋ ಹಾಗಿಲ್ಲ, ಮಾಡಿದರೆ ಗಾಳಿಯೂ ಇಲ್ಲ, ಪ್ರೆಶರೂ ಇಲ್ಲ. ನಿಧಾನ ಆಗಬೇಕಾದರೆ ಗೇರ್‌ನಲ್ಲೇ ಆಗಬೇಕು. ಅಲ್ಲಿ ನಿಮಗೆ ಗೇರ್ ಸಂಖ್ಯೆ ಕೆಲಸಕ್ಕೆ ಬರುತ್ತೆ. ಹನ್ನೆರಡು ಗೇರ್ ಇದ್ದು, ಅದರಲ್ಲಿ ಎಂಟು ರಸ್ತೆ ಸ್ಪೀಡಿಗೇ ಹೋದರೆ ಏನು ಬಂತು? ಗಂಟೆಗೆ 2ರಿಂದ 5 ಕಿಲೋಮೀಟರ್ ನಡುವೆ ಎಷ್ಟು ಗೇರ್ ಬರುತ್ತವೆ ಅಂತ ಕೇಳಿ. ಸೇಲ್ಸ್ ಹುಡುಗ ಹೇಳದಿದ್ದರೆ ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟೆಸ್ಟಿಂಗ್ ಸಂಸ್ಥೆ ಐತಿ, ಅವರ ಟೆಸ್ಟ್ ರಿಪೋರ್ಟ್‌ನಲ್ಲಿ ಒಂದೊಂದು ಗೇರಿನ ಸ್ಪೀಡ್ ಬರೆದಿರುತ್ತಾರೆ.

ಇನ್ನೊಂದು, ಡ್ಯುಯಲ್ ಕ್ಲಚ್. ಪೆಡಲ್ ಅರ್ಧ ತುಳಿದರೆ ಗಾಡಿ ನಿಲ್ಲುತ್ತೆ, ಪಿಟಿಒ ತಿರುಗುತ್ತಲೇ ಇರುತ್ತೆ. ಪೂರ್ತಿ ತುಳಿದರೆ ಎರಡೂ ಬಂದ್. ಸಿಂಗಲ್ ಕ್ಲಚ್ ಗಾಡಿಯಲ್ಲಿ ಸಾಲಿನ ಕೊನೆಗೆ ಗೇರ್ ಬದಲಾಯಿಸೋಕೆ ತುಳಿದಾಗೆಲ್ಲ ಪಂಪ್ ನಿಲ್ಲುತ್ತೆ, ಮುಂದಿನ ಸಾಲಿನ ಮೊದಲ ಎರಡು ಗಿಡಕ್ಕೆ ಔಷಧಿ ಸರಿಯಾಗಿ ಬೀಳಲ್ಲ. ಸಿಂಕ್ರೊ ಇದ್ದು ಸಿಂಗಲ್ ಕ್ಲಚ್ ಇರೋದಕ್ಕಿಂತ, ಕಾನ್‌ಸ್ಟಂಟ್ ಮೆಶ್ ಇದ್ದು ಡ್ಯುಯಲ್ ಕ್ಲಚ್ ಇರೋದು ನನ್ನ ಆಯ್ಕೆ. ಕೆಲವು ಗಾಡಿಗಳಲ್ಲಿ ಪಿಟಿಒಗೆ ಕ್ಲಚ್ಚೇ ಬೇರೆ ಇರುತ್ತೆ, ಅದು ಸಿಕ್ಕರೆ ಇನ್ನೂ ಚಲೋ.

ಶಿರಸಿ_ಹೆಗಡೆಮನೆ

ನಮ್ಮ ಕಡೆ ತೋಟದಲ್ಲಿ ಬಸಿಗಾಲುವೆ ಬಿಟ್ಟರೆ ಸಂಕ (ಕಾಲುಸೇತುವೆ), ಸಂಕ ಬಿಟ್ಟರೆ ಕಾಲುವೆ. ಟ್ರ್ಯಾಕ್ಟರ್ ಒಳಗೆ ಹೋದರೆ ಕ್ರೇನ್ ತರಿಸಬೇಕು! ಬಯಲುಸೀಮೆಯವರಿಗೆ ಆ ಭಾಗ್ಯ ಇದೆ, ಮಾಡಿಕೊಳ್ಳಿ. ಒಂದೇ ಮಾತು: ರೋಟವೇಟರ್ ಆಳಕ್ಕೆ ಬಿಡಬೇಡಿ, ಅಡಿಕೆಯ ಬೇರು ಮೇಲೇ ಇರುತ್ತೆ. ಗೇರ್ ಯಾವುದಾದರೂ ಆಗಲಿ.

ಕೆರೊಲಿನಾ_ಕನ್ನಡಿಗ

ಭಾವ ನೋಡಿದ ವಿಡಿಯೊ ಹೈಡ್ರೊಸ್ಟ್ಯಾಟಿಕ್ ಇರಬೇಕು. ನಾನು ಇಲ್ಲಿ ನಾರ್ತ್ ಕೆರೊಲಿನಾದಲ್ಲಿ ಅದನ್ನೇ ಓಡಿಸ್ತೀನಿ. ಎಂಜಿನ್ ಒಂದು ಎಣ್ಣೆ ಪಂಪ್ ತಿರುಗಿಸುತ್ತೆ, ಆ ಎಣ್ಣೆಯ ಒತ್ತಡ ಒಂದು ಮೋಟರ್ ತಿರುಗಿಸುತ್ತೆ, ಅದರಿಂದ ಚಕ್ರ. ರೇಂಜ್ ಲಿವರ್ ಒಂದಿರುತ್ತೆ, ಉಳಿದಿದ್ದೆಲ್ಲ ಪೆಡಲ್. ಎಂಜಿನ್ ರೇಸ್ ಮುಟ್ಟದೆ ಆಮೆ ವೇಗದಿಂದ ಓಟದವರೆಗೆ ಹೋಗಬಹುದು, ಪಿಟಿಒ ಸುತ್ತು ಬದಲಾಗಲ್ಲ. ಇಲ್ಲಿ ಜನ ತಗೊಳ್ಳೋದು ಹುಲ್ಲು ಕೊಯ್ಯೋಕೆ, ಮುಂದಿನ ಬಕೆಟ್‌ನಲ್ಲಿ ಮಣ್ಣು ಎತ್ತೋಕೆ. ನಿಮಿಷಕ್ಕೆ ನಾಲ್ಕು ಸಲ ಮುಂದೆ ಹಿಂದೆ ಮಾಡೋ ಕೆಲಸ ಅದು, ಕ್ಲಚ್ ತುಳಿದು ತುಳಿದು ಮಂಡಿ ಹೋಗುತ್ತೆ.

ಆದರೆ ಪುಕ್ಕಟೆ ಅಲ್ಲ. ಕುಬೋಟಾ ಎಲ್2501 ಇಲ್ಲಿ ಎರಡು ಥರ ಸಿಗುತ್ತೆ. ಎಂಜಿನ್ ಅದೇ 24.8 ಎಚ್‌ಪಿ. ಗೇರ್ ಮಾಡೆಲ್‌ನಲ್ಲಿ ಪಿಟಿಒಗೆ 20.5 ಎಚ್‌ಪಿ ಬರುತ್ತೆ, ಹೈಡ್ರೊದಲ್ಲಿ 19. ಉಳಿದದ್ದು ಎಣ್ಣೆ ಬಿಸಿ ಮಾಡೋಕೆ ಹೋಗುತ್ತೆ. ಲೋಡ್ ಟ್ರೈಲರ್ ದೂರ ಎಳೆಯೋಕೆ, ಉಳುಮೆಗೆ ಗೇರ್ ಗಾಡಿಯೇ ಮೇಲು. ಎಣ್ಣೆಯೂ ಅವರು ಹೇಳಿದ್ದನ್ನೇ ಹಾಕಬೇಕು, ಫಿಲ್ಟರ್ ಬದಲಾಯಿಸೋದು ತಪ್ಪಿಸೋ ಹಾಗಿಲ್ಲ. ಧೂಳಿನಲ್ಲಿ ಕ್ಯಾನ್ ಬಾಯಿ ತೆಗೆದು ಎಣ್ಣೆ ಸುರಿಯೋ ನಮ್ಮ ಊರಿನ ಅಭ್ಯಾಸಕ್ಕೆ ಆ ಪಂಪ್ ಬಾಳಲ್ಲ. ಭಾವನಿಗೆ ಶಟಲ್ ತೋರಿಸಿ ಸಮಾಧಾನ ಮಾಡಿ.

ಚನ್ನಗಿರಿ_ತೋಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡ್ಯುಯಲ್ ಕ್ಲಚ್ ವಿಷಯ ಯಾವ ಶೋರೂಮಿನವರೂ ಬಾಯಿ ಬಿಟ್ಟಿರಲಿಲ್ಲ. ಈಗ ಸ್ಲೈಡಿಂಗ್ ಕೈಬಿಟ್ಟೆ. 9+3ಗೂ ಶಟಲ್‌ಗೂ ಮಧ್ಯೆ ನಿಂತಿದೀನಿ. ಸಾಲಿನ ಕೊನೆಗೆ ನಮ್ಮಲ್ಲಿ ತಿರುಗೋಕೆ ಜಾಗ ಕಡಿಮೆ, ಪಕ್ಕದವರ ಬೇಲಿ ಇದೆ, ಎರಡು ಮೂರು ಸಲ ಹಿಂದೆ ಮುಂದೆ ಮಾಡಲೇಬೇಕು. ಡೆಮೊಗೆ ಬರ್ತಾರಂತೆ. ಏನು ನೋಡಬೇಕು?

ದಾವಣಗೆರೆ_ಮೆಕ್ಯಾನಿಕ್

ಬೇಲಿ ಅಷ್ಟು ಹತ್ತಿರ ಇದ್ದರೆ ಶಟಲ್‌ಗೆ ಕೊಡೋ ದುಡ್ಡು ದಂಡ ಅಲ್ಲ. ಆದರೆ ಒಂದು ತಿಳ್ಕೊಳ್ಳಿ, ಸಿಂಕ್ರೊ ಶಟಲ್‌ಗೂ ಕ್ಲಚ್ ತುಳಿಯಲೇಬೇಕು, ಗಾಡಿ ನಿಧಾನ ಮಾಡಿಯೇ ಲಿವರ್ ತಳ್ಳಬೇಕು. ವಿಡಿಯೊದಲ್ಲಿ ತೋರಿಸೋ ಹಾಗೆ ಸುಮ್ನೆ ಎಳೆದುಬಿಡೋದಲ್ಲ.

ಡೆಮೊ ನಿಮ್ಮ ತೋಟದಲ್ಲೇ ಕೇಳಿ, ರಸ್ತೆ ಮೇಲೆ ಬೇಡ. ಸಾಲಿನಲ್ಲಿ 33 ಮೀಟರ್ ಅಳೆದು ಎರಡು ಗೂಟ ಹೊಡೀರಿ. ಪಿಟಿಒ 540ಕ್ಕೆ ಇಟ್ಟು, ಬೇಕಾದ ಗೇರ್ ಹಾಕಿ ಮೊಬೈಲ್‌ನಲ್ಲಿ ಟೈಮ್ ನೋಡಿ. ಒಂದು ನಿಮಿಷ ಹಿಡಿದರೆ 2 ಕಿಲೋಮೀಟರ್ ಸ್ಪೀಡ್, ಅರ್ಧ ನಿಮಿಷಕ್ಕೆ ದಾಟಿದರೆ 4. ಆಮೇಲೆ ಅಪ್ಪನನ್ನ ಕೂರಿಸಿ, ಬೇಲಿ ಹತ್ತಿರ ತಿರುಗಿಸೋಕೆ ಹೇಳಿ. ಕ್ಲಚ್ ಅರ್ಧಕ್ಕೆ ಹಿಡಿದಾಗ ರೋಟವೇಟರ್ ತಿರುಗುತ್ತಲೇ ಇದೆಯಾ, ಕಾಲು ನೋಯುತ್ತಾ ಅಂತ ಅವರನ್ನೇ ಕೇಳಿ. ಗೇರ್ ಲಿವರ್ ಸೀಟಿನ ಪಕ್ಕ ಇದ್ದರೆ ವಯಸ್ಸಾದವರಿಗೆ ಹತ್ತಿ ಇಳಿಯೋಕೆ ಸುಲಭ, ಎರಡು ಕಾಲಿನ ಮಧ್ಯೆ ಇದ್ದರೆ ಪಂಚೆ ಸಿಕ್ಕಿಕೊಳ್ಳುತ್ತೆ.

ಕೊಟೇಶನ್ ಹಳೇದಾಗಿದ್ದರೆ ಹೊಸದು ಬರೆಸಿ, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಜಿಎಸ್‌ಟಿ 12ರಿಂದ 5 ಪರ್ಸೆಂಟ್ ಆಗಿದೆ. ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಗಾಡಿ ಮನೆಗೆ ತಂದ ಮೇಲೆ ಹೋಗಬೇಡಿ. ಮತ್ತೆ, ಬರೀ ರೋಟವೇಟರ್ ತಂದರೆ ಒಪ್ಪಬೇಡಿ, ಲೋಡ್ ಟ್ರೈಲರ್ ಕಟ್ಟಿ ಒಂದು ಏರು ಹತ್ತಿಸಿ ತೋರಿಸೋಕೆ ಹೇಳಿ.