ಬದುಕಿದ್ದ ನಾಯಿ, ಸತ್ತ ನಾಯಿ: ಯುರೋಪಿನ ಥ್ರಿಲ್ಲರ್ ಮೊದಲೋ, ಹಾಲಿವುಡ್ ಮರುನಿರ್ಮಾಣ ಮೊದಲೋ?

ಕತ್ತಲಕೋಣೆ:
ನೋಡಲು ಒಳ್ಳೆಯ ಥ್ರಿಲ್ಲರ್ ಹೇಳಿ ಎಂದವರಿಗೆಲ್ಲ ನನ್ನದು ಒಂದೇ ಉತ್ತರ. ಒಂದೇ ಕಥೆ ಯುರೋಪಿನಲ್ಲೂ ಅಮೆರಿಕದಲ್ಲೂ ಚಿತ್ರವಾಗಿದ್ದರೆ ಯುರೋಪಿನದನ್ನು ನೋಡಿ, ಇನ್ನೊಂದರ ಗೊಡವೆಗೆ ಹೋಗಬೇಡಿ. 1997ರ ನಾರ್ವೆಯ ‘ಇನ್ಸೋಮ್ನಿಯಾ’ ಇದೆಯಲ್ಲ, ಅದರಲ್ಲಿ ರಾತ್ರಿಯಲ್ಲೂ ಸೂರ್ಯ ಮುಳುಗದ ಊರಿಗೆ ಕೊಲೆಯ ತನಿಖೆಗೆಂದು ಸ್ವೀಡನ್ನಿನ ಪತ್ತೇದಾರನೊಬ್ಬ ಬರುತ್ತಾನೆ. ಮಂಜಿನಲ್ಲಿ ಕೊಲೆಗಾರನೆಂದು ಭ್ರಮಿಸಿ ತನ್ನ ಜೊತೆಗಾರನಿಗೇ ಗುಂಡು ಹಾರಿಸುತ್ತಾನೆ. ಅದನ್ನು ಮುಚ್ಚಿಹಾಕಲು ಅವನಿಗೆ ಬೇರೊಂದು ಬಂದೂಕಿನಿಂದ ಹಾರಿ ಮಾಂಸ ಹೊಕ್ಕ ಗುಂಡು ಬೇಕು. ಸಿಕ್ಕ ನಾಯಿಯೊಂದನ್ನು ಕೊಂದು ಅದರ ಮೈಯಿಂದ ಗುಂಡನ್ನು ಹೊರತೆಗೆಯುತ್ತಾನೆ. 2002ರಲ್ಲಿ ಕ್ರಿಸ್ಟೋಫರ್ ನೋಲನ್ ಇದೇ ಕಥೆಯನ್ನು ಅಲಾಸ್ಕಾಕ್ಕೆ ಒಯ್ದರು. ಅಲ್ಲಿ ಅಲ್ ಪಚಿನೋ ಗುಂಡು ಹಾರಿಸುವುದು ಆಗಲೇ ಸತ್ತು ಬಿದ್ದಿದ್ದ ನಾಯಿಗೆ! ನಾಯಕ ತಪ್ಪು ಮಾಡಬಹುದು, ಆದರೆ ಟಿಕೆಟ್ ಕೊಂಡವರು ಅವನನ್ನು ದ್ವೇಷಿಸುವಷ್ಟು ಮಾಡಕೂಡದು. ಹಾಲಿವುಡ್ಡಿನ ಲೆಕ್ಕಾಚಾರವೆಲ್ಲ ಆ ಒಂದು ದೃಶ್ಯದಲ್ಲಿದೆ.

ರೀಲುಡಬ್ಬಿ:
ನಾಯಿಯೊಂದನ್ನು ಹಿಡಿದುಕೊಂಡು ಇಡೀ ಖಂಡಕ್ಕೆ ತೀರ್ಪು ಬರೆದಿರಿ. ನೋಲನ್ ಅದೇ ಚಿತ್ರಕ್ಕೆ ಸೇರಿಸಿದ್ದನ್ನು ಯಾಕೆ ಬಿಟ್ಟಿರಿ? ಪಚಿನೋನ ಮೇಲೆ ಇಲಾಖೆಯ ಒಳತನಿಖೆ ನಡೆದಿದೆ. ಸತ್ತ ಜೊತೆಗಾರ ಅವನ ವಿರುದ್ಧ ಬಾಯಿಬಿಡಲು ಒಪ್ಪಿಕೊಂಡಿದ್ದವನು. ಹಾಗಾಗಿ ಮಂಜಿನಲ್ಲಿ ನಡೆದದ್ದು ಆಕಸ್ಮಿಕವೋ ಬೇಕೆಂದೇ ಮಾಡಿದ್ದೋ ಎಂಬುದು ಗುಂಡು ಹಾರಿಸಿದವನಿಗೇ ತಿಳಿಯುವುದಿಲ್ಲ. ನಾರ್ವೆಯ ಚಿತ್ರದಲ್ಲಿ ಈ ಗಂಟು ಇಲ್ಲ. ಅಲ್ಲಿನವನು ಕೆಟ್ಟವನು, ಒಪ್ಪೋಣ. ಇಲ್ಲಿನವನು ತಾನೆಷ್ಟು ಕೆಟ್ಟವನೆಂದು ತಿಳಿಯದೆ ನಿದ್ದೆಗೆಡುತ್ತಾನೆ. ನನಗೆ ಎರಡನೆಯವನೇ ಹೆಚ್ಚು ಹತ್ತಿರ.

ಕತ್ತಲಕೋಣೆ:
ಅದು ಗಂಟಲ್ಲ, ನೆಪ. ಅವನಿಗೊಂದು ಕಾರಣ ಕೊಟ್ಟಿರಿ, ಆಮೇಲೆ ಪಶ್ಚಾತ್ತಾಪವನ್ನೂ ಕೊಟ್ಟಿರಿ. ಸ್ಟೆಲನ್ ಸ್ಕಾರ್ಸ್‌ಗಾರ್ಡ್ ಮಾಡಿದ ಮೂಲದ ಪಾತ್ರಕ್ಕೆ ಇವೆರಡೂ ಇಲ್ಲ. ಹೋಟೆಲಿನ ಹುಡುಗಿಯೊಡನೆ ಅವನು ನಡೆದುಕೊಳ್ಳುವ ರೀತಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಕ್ಯಾಮೆರಾ ಅವನ ಬೆನ್ನು ಬಿಡುವುದಿಲ್ಲ, ನಾವೂ ಬಿಡುವಂತಿಲ್ಲ.

ಮಧ್ಯಂತರ:
ಇಬ್ಬರಿಗೂ ನಮಸ್ಕಾರ. ನನ್ನಂಥವರಿಗೆ ಎರಡು ಸಾಲಿನಲ್ಲಿ ಏನಾದರೂ ಹೇಳಿ. ಕಚೇರಿ ಮುಗಿಸಿ ಬಂದ ಮೇಲೆ ಒಂದೂವರೆ ಗಂಟೆ ಸಿಗುತ್ತದೆ. ಹೆಸರು ಹೇಳಿ, ಕೊನೆಯನ್ನು ಹೇಳಬೇಡಿ.

ಹಿಂದಿನಬೆಂಚು:
ಒಂದೂವರೆ ಗಂಟೆಗೆ ಡೆನ್ಮಾರ್ಕಿನ ‘ದಿ ಗಿಲ್ಟಿ’, 2018ರದು, ಗುಸ್ತಾವ್ ಮೋಲರ್ ನಿರ್ದೇಶನ. ತುರ್ತು ಕರೆ ಸ್ವೀಕರಿಸುವ ಕೊಠಡಿಯಲ್ಲಿ ಒಬ್ಬ ಪೊಲೀಸ್, ಅವನ ಕಿವಿಯಲ್ಲಿ ಹೆಡ್‌ಫೋನ್. ಒಬ್ಬಾಕೆ ಕರೆ ಮಾಡಿ, ಮಗುವಿನೊಡನೆ ಮಾತನಾಡುವವಳಂತೆ ಮಾತನಾಡುತ್ತಾಳೆ. ಪಕ್ಕದಲ್ಲಿ ಯಾರೋ ಇದ್ದಾರೆ, ಬಾಯಿಬಿಟ್ಟು ಹೇಳುವಂತಿಲ್ಲ ಎಂದು ಇವನಿಗೆ ಹೊಳೆಯುತ್ತದೆ. ಕ್ಯಾಮೆರಾ ಆ ಕಟ್ಟಡ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಆ ಹೆಂಗಸಿನ ಮುಖ, ವಾಹನ, ರಸ್ತೆ ಎಲ್ಲವನ್ನೂ ನೀವೇ ಕಲ್ಪಿಸಿಕೊಳ್ಳಬೇಕು. ಹಾಗೆ ಕಲ್ಪಿಸಿಕೊಂಡದ್ದೇ ನಿಮ್ಮನ್ನು ಕೆಡವುತ್ತದೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. 2021ರಲ್ಲಿ ಜೇಕ್ ಜಿಲೆನ್‌ಹಾಲ್ ಇದನ್ನೇ ಲಾಸ್ ಏಂಜಲೀಸ್‌ನಲ್ಲಿ ಮಾಡಿದರು. ಅಲ್ಲಿ ಗೋಡೆಯ ಮೇಲಿನ ದೊಡ್ಡ ಪರದೆಗಳಲ್ಲಿ ಕಾಳ್ಗಿಚ್ಚು ಉರಿಯುತ್ತಿರುತ್ತದೆ. ಕಿವಿಗೆ ಬಿಟ್ಟ ಚಿತ್ರದಲ್ಲಿ ಕಣ್ಣಿಗೆ ಅಷ್ಟು ಬೆಂಕಿ ಯಾಕೆ ಬೇಕಾಯಿತೋ!

ಕತ್ತಲಕೋಣೆ:
ಹಾಗೆ ಹೇಳಿ. ಇದು ಮೂರನೆಯ ಸಾಕ್ಷಿ. ಎರಡನೆಯದು ‘ದಿ ವ್ಯಾನಿಶಿಂಗ್’.

ಹಿಂದಿನಬೆಂಚು:
ಅದನ್ನು ನಾನೇ ಎತ್ತುವವನಿದ್ದೆ, ಆದರೆ ನಿಮ್ಮ ವಾದದ ವಿರುದ್ಧ ದಿಕ್ಕಿನಲ್ಲಿ. 1988ರ ಡಚ್ ಚಿತ್ರ ಅದು. ಟಿಮ್ ಕ್ರಾಬೆ ಅವರ ಕಿರುಕಾದಂಬರಿಯಿಂದ ಬಂದದ್ದು, ನಿರ್ದೇಶಕ ಜಾರ್ಜ್ ಸ್ಲೂಯಿಸರ್. ಪ್ರವಾಸಕ್ಕೆ ಹೊರಟ ಜೋಡಿ ಫ್ರಾನ್ಸಿನ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತದೆ. ತಂಪು ಪಾನೀಯ ತರಲು ಒಳಗೆ ಹೋದ ಹುಡುಗಿ ಹೊರಗೆ ಬರುವುದಿಲ್ಲ. ಅವಳನ್ನು ಅಪಹರಿಸಿದವನು ಯಾರೆಂದು ಚಿತ್ರ ಬೇಗನೆ ತೋರಿಸಿಬಿಡುತ್ತದೆ: ರಸಾಯನಶಾಸ್ತ್ರದ ಮೇಷ್ಟ್ರು, ಇಬ್ಬರು ಹೆಣ್ಣುಮಕ್ಕಳ ತಂದೆ. ಆತ ಅಪಹರಣವನ್ನು ತಾಲೀಮು ಮಾಡುತ್ತಾನೆ. ಕ್ಲೋರೋಫಾರ್ಮ್ ಬಟ್ಟೆಗೆ ಸುರಿದುಕೊಂಡು, ಇಲ್ಲದ ಹೆಂಗಸಿಗೆ ಕಾರಿನ ಬಾಗಿಲು ತೆರೆದು, ಮೂಗು ಮುಚ್ಚಿ, ಆಮೇಲೆ ತನ್ನ ನಾಡಿಮಿಡಿತ ಎಣಿಸಿ ಬರೆದುಕೊಳ್ಳುತ್ತಾನೆ. ಊರಾಚೆಯ ಮನೆಯಲ್ಲಿ ಮಕ್ಕಳು ಜೇಡ ಕಂಡು ಕಿರುಚಿದಾಗ ಅದನ್ನು ಆಟವಾಗಿಸಿ ಇಡೀ ಸಂಸಾರವನ್ನು ಕಿರುಚಿಸುತ್ತಾನೆ. ಆಮೇಲೆ, ಏನಾದರೂ ಕೇಳಿಸಿತೇ ಎಂದು ನೆರೆಯವನನ್ನು ವಿಚಾರಿಸುತ್ತಾನೆ. ಚಾಕು ಚೂರಿಗಳ ಚಿತ್ರಗಳು ಇದರ ಮುಂದೆ ಮಕ್ಕಳಾಟ.

ಈಗ ನನ್ನ ಪ್ರಶ್ನೆ. 1993ರ ಹಾಲಿವುಡ್ ಆವೃತ್ತಿಯನ್ನು ನಿರ್ದೇಶಿಸಿದ್ದು ಯಾರು? ಇದೇ ಸ್ಲೂಯಿಸರ್. ಜೆಫ್ ಬ್ರಿಜಸ್‌ರಂಥ ನಟ ಇದ್ದೂ ಅಂತ್ಯವನ್ನು ತಿರುಗಿಸಿ ಹೊಡೆದಾಟಕ್ಕೆ ತಂದು ನಿಲ್ಲಿಸಿದರು. ಅದೇ ಮನುಷ್ಯ, ಅದೇ ಕಥೆ. ಅಂದಮೇಲೆ ಯುರೋಪಿನವರಿಗೆ ಧೈರ್ಯ ಹೆಚ್ಚು ಎಂಬ ನಿಮ್ಮ ಮಾತು ಎಲ್ಲಿ ನಿಂತಿತು? ದುಡ್ಡು ಹಾಕುವವರು ಯಾರು, ಅವರಿಗೆ ಎಷ್ಟು ವಾಪಸ್ ಬರಬೇಕು ಎಂಬುದನ್ನು ನೋಡಬೇಕಲ್ಲದೆ ಭೂಪಟವನ್ನಲ್ಲ.

ಮಧ್ಯಂತರ:
ಅಂತ್ಯ ತಿರುಗಿಸಿದರು ಎಂದದ್ದರಿಂದಲೇ ಅರ್ಧ ಗೊತ್ತಾಗಿಹೋಯಿತು. ನಾನು ಕೇಳಿಕೊಂಡದ್ದು ಒಂದೇ ಒಂದು.

ಹಿಂದಿನಬೆಂಚು:
ಗೊತ್ತಾಗಿಲ್ಲ, ಧೈರ್ಯವಾಗಿ ನೋಡಿ. ಡಚ್ ಚಿತ್ರದ ಕೊನೆಯನ್ನು ಊಹಿಸಿದವರನ್ನು ನಾನಿನ್ನೂ ಕಂಡಿಲ್ಲ.

ಇಳಿಹೊತ್ತು:
ಮರುನಿರ್ಮಾಣವೆಂದರೆ ಹಾಲಿವುಡ್ಡಿನ ಕೆಟ್ಟ ಚಾಳಿ ಎಂಬಂತೆ ಮಾತು ಸಾಗುತ್ತಿದೆ. ಓರಿಯೋಲ್ ಪೌಲೋ ಅವರ 2016ರ ಸ್ಪ್ಯಾನಿಷ್ ಚಿತ್ರ ‘ದಿ ಇನ್ವಿಸಿಬಲ್ ಗೆಸ್ಟ್’ 2019ರಲ್ಲಿ ಹಿಂದಿಯ ‘ಬದ್ಲಾ’ ಆಯಿತು. ಮೂಲದಲ್ಲಿ ಆರೋಪಿ ಗಂಡಸು, ವಕೀಲಿ ಹೆಂಗಸು. ಹಿಂದಿಯಲ್ಲಿ ತಾಪ್ಸಿ ಪನ್ನು ಆರೋಪಿ, ಅಮಿತಾಭ್ ಬಚ್ಚನ್ ವಕೀಲ. ಅದಲುಬದಲು ಮಾಡಿದರೂ ಚಿತ್ರ ನಿಂತಿತು. ಏಕೆಂದರೆ ಅದು ಇಡೀ ತಿರುವುಗಳ ಮೇಲೆ ನಿಂತ ಯಂತ್ರ, ಮನುಷ್ಯರ ಮೇಲಲ್ಲ. ಇಂಥವು ಎಲ್ಲಿಗೆ ಒಯ್ದರೂ ನಡೆಯುತ್ತವೆ, ಎರಡನೆಯ ಸಲ ನೋಡಿದರೆ ಎಲ್ಲಿಯೂ ನಡೆಯುವುದಿಲ್ಲ.

ಇನ್ನೊಂದು: ಈ ವ್ಯಾಪಾರ ಎರಡೂ ಕಡೆಗೆ ನಡೆದಿದೆ. 2006ರ ಫ್ರೆಂಚ್ ‘ಟೆಲ್ ನೋ ಒನ್’ ಹಾರ್ಲನ್ ಕೋಬೆನ್ ಎಂಬ ಅಮೆರಿಕನ್ ಬರೆದ ಕಾದಂಬರಿ. ಹಿಚ್‌ಕಾಕ್ ಅವರ ‘ವರ್ಟಿಗೊ’ ಬ್ವಾಲೊ ಮತ್ತು ನಾರ್ಸೆಜಾಕ್ ಎಂಬ ಫ್ರೆಂಚ್ ಜೋಡಿಯ ಕಾದಂಬರಿ. ಮರೆಯಬೇಡಿ, ಹಿಚ್‌ಕಾಕ್ ಹುಟ್ಟಿದ್ದು ಲಂಡನ್ನಿನಲ್ಲಿ.

ರೀಲುಡಬ್ಬಿ:
ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ‘ರಿಫಿಫಿ’, 1955. ಪ್ಯಾರಿಸ್ಸಿನ ಆಭರಣದಂಗಡಿಯ ದರೋಡೆ, ಫ್ರೆಂಚ್ ಚಿತ್ರ. ನಿರ್ದೇಶಕ ಜೂಲ್ಸ್ ಡಾಸನ್ ಅಮೆರಿಕದವರು. ಕಮ್ಯುನಿಸ್ಟ್ ಎಂದು ಹಾಲಿವುಡ್ ಕಪ್ಪುಪಟ್ಟಿಗೆ ಸೇರಿಸಿ ಕೆಲಸ ತಪ್ಪಿಸಿದ್ದರಿಂದ ಅಲ್ಲಿಗೆ ಹೋದವರು. ಆ ದರೋಡೆಯ ದೃಶ್ಯ ಸುಮಾರು ಅರ್ಧ ಗಂಟೆ: ಮಾತಿಲ್ಲ, ಸಂಗೀತವಿಲ್ಲ. ಮೇಲಿನ ಮನೆಯ ನೆಲ ಕೊರೆದು, ಆ ತೂತಿನಲ್ಲಿ ಮಡಿಸಿದ ಕೊಡೆಯನ್ನು ಇಳಿಬಿಟ್ಟು ಕೆಳಗೆ ಬಿಚ್ಚುತ್ತಾರೆ. ಉದುರುವ ಗಾರೆಯೆಲ್ಲ ಸದ್ದಿಲ್ಲದೆ ಕೊಡೆಯೊಳಗೆ ಬೀಳುತ್ತದೆ. ಗಂಟೆ ಬಾರಿಸುವ ಪೆಟ್ಟಿಗೆಗೆ ಬೆಂಕಿ ಆರಿಸುವ ನೊರೆ ತುಂಬಿ ಬಾಯಿಮುಚ್ಚಿಸುತ್ತಾರೆ. ಸಂಗೀತ ನಿರ್ದೇಶಕ ಜಾರ್ಜ್ ಓರಿಕ್ ಆ ದೃಶ್ಯಕ್ಕೆ ಸಂಗೀತ ಬರೆದಿದ್ದರು. ಸಂಗೀತ ಇಟ್ಟು ಒಮ್ಮೆ, ತೆಗೆದು ಒಮ್ಮೆ ನೋಡಿ, ತಾವು ಬರೆದದ್ದನ್ನು ಬಿಟ್ಟುಬಿಡಿ ಎಂದವರೂ ಅವರೇ. ಈಗ ಹೇಳಿ ಕತ್ತಲಕೋಣೆಯವರೇ, ಇದನ್ನು ಯಾವ ಖಂಡದ ಖಾತೆಗೆ ಜಮಾ ಮಾಡುತ್ತೀರಿ?

ಕತ್ತಲಕೋಣೆ:
ಯುರೋಪಿನ ಖಾತೆಗೇ. ಅಮೆರಿಕ ಹೊರಗಟ್ಟಿತು, ಫ್ರಾನ್ಸ್ ಕೆಲಸ ಕೊಟ್ಟಿತು. ನೀವೇ ನನ್ನ ಪರವಾಗಿ ವಾದಿಸಿದಿರಿ.

ರೀಲುಡಬ್ಬಿ:
ಹಾಗಾದರೆ ನಿಮ್ಮ ಬಾಯಿ ಕಟ್ಟುವ ಚಿತ್ರ ಬೇರೆಯೇ ಇದೆ, ‘ಸಾರ್ಸರರ್’. ಫ್ರೆಂಚ್ ನಿರ್ದೇಶಕ ಕ್ಲೂಜೋ ಅವರ 1953ರ ‘ದಿ ವೇಜಸ್ ಆಫ್ ಫಿಯರ್’ ಮತ್ತು ಅದರ ಕಥೆಯನ್ನೇ ಎತ್ತಿಕೊಂಡು ವಿಲಿಯಂ ಫ್ರೀಡ್ಕಿನ್ 1977ರಲ್ಲಿ ಮಾಡಿದ ಇದು, ಎರಡೂ ಮುಂದೆ ಇಟ್ಟುಕೊಳ್ಳಿ. ಉರಿಯುತ್ತಿರುವ ತೈಲಬಾವಿಯನ್ನು ಆರಿಸಲು ನಾಲ್ವರು ಎರಡು ಲಾರಿಗಳಲ್ಲಿ ನೈಟ್ರೋಗ್ಲಿಸರಿನ್ ಸಾಗಿಸಬೇಕು, ಕುಲುಕಿದರೆ ಮುಗಿಯಿತು. ಫ್ರೀಡ್ಕಿನ್ ಅವರ ತೂಗುಸೇತುವೆಯ ದೃಶ್ಯ ನೋಡಿ: ಮಳೆ, ಕೆಳಗೆ ಹೊಳೆ, ಕೊಳೆತ ಹಗ್ಗಗಳ ಮೇಲೆ ವಾಲುತ್ತ ತೆವಳುವ ಲಾರಿ. ಸೇತುವೆ ಕಟ್ಟಿದ್ದ ಡೊಮಿನಿಕನ್ ಗಣರಾಜ್ಯದ ಹೊಳೆ ಬತ್ತಿಹೋಗಿ, ಎಲ್ಲವನ್ನೂ ಮೆಕ್ಸಿಕೋಗೆ ಒಯ್ದು ಮತ್ತೆ ಕಟ್ಟಿದರು. ದುರದೃಷ್ಟವೆಂದರೆ ‘ಸ್ಟಾರ್ ವಾರ್ಸ್’ ತೆರೆಕಂಡ ಒಂದು ತಿಂಗಳಿಗೆ ಬಂದು ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ನಾಯಕರಲ್ಲಿ ಒಬ್ಬನೂ ಸಜ್ಜನನಿಲ್ಲ, ಒಬ್ಬನಿಗೂ ಕ್ಷಮೆಯಿಲ್ಲ, ಹಣ ಹಾಕಿದ್ದೆಲ್ಲ ಹಾಲಿವುಡ್. ಹಿಂದಿನಬೆಂಚಿನವರ ದುಡ್ಡಿನ ಸಿದ್ಧಾಂತಕ್ಕೂ ಇದು ಉತ್ತರ.

ಇಳಿಹೊತ್ತು:
ಸೇತುವೆ ಅದ್ಭುತ, ತಕರಾರಿಲ್ಲ. ಆದರೆ ಫ್ರೀಡ್ಕಿನ್ ಸದ್ದು ಮಾಡಿ ಹೆದರಿಸುತ್ತಾರೆ. ಕ್ಲೂಜೋ ಏನು ಮಾಡುತ್ತಾರೆ ನೋಡಿ. ಹಿಂದಿನ ಲಾರಿಯಲ್ಲಿ ಕುಳಿತವನು ಸಿಗರೇಟು ಸುತ್ತುತ್ತಿರುತ್ತಾನೆ. ಕಾಗದದ ಮೇಲಿನ ತಂಬಾಕು ಇದ್ದಕ್ಕಿದ್ದಂತೆ ಹಾರಿಹೋಗುತ್ತದೆ. ಏನಾಯಿತೆಂದು ಅವನಿಗೂ ನಮಗೂ ತಿಳಿಯುವ ಮೊದಲೇ ಗಾಳಿ ಬಂದು ಮುಟ್ಟಿತ್ತು. ಎಪ್ಪತ್ತು ವರ್ಷ ಕಳೆದರೂ ಸ್ಫೋಟವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ, ಇಷ್ಟು ಚೆನ್ನಾಗಿ ಇನ್ನೊಬ್ಬರು ತೋರಿಸಿದ್ದು ನನಗೆ ಕಂಡಿಲ್ಲ.

ಮಧ್ಯಂತರ:
ಅಂದರೆ ಮುಂದಿನ ಲಾರಿ ಹೋಯಿತು. ತುಂಬಾ ಉಪಕಾರವಾಯಿತು.

ಇಳಿಹೊತ್ತು:
ಚಿತ್ರ ಬಂದು ಎಪ್ಪತ್ತು ವರ್ಷವಾದ ಮೇಲೂ ಗುಟ್ಟು ಕಾಪಾಡಬೇಕೆಂದರೆ ಕಷ್ಟ ಸ್ವಾಮಿ. ಒಳಗೆ ಯಾರು ಕುಳಿತಿದ್ದರು ಎಂದು ಹೇಳಿಲ್ಲ.

ಕತ್ತಲಕೋಣೆ:
‘ಸಾರ್ಸರರ್’ ಒಂದನ್ನು ಒಪ್ಪುತ್ತೇನೆ, ಅದೂ ಮರುನಿರ್ಮಾಣವೆಂದಲ್ಲ. ಫ್ರೀಡ್ಕಿನ್ ಅದನ್ನು ಕ್ಲೂಜೋ ಅವರಿಗೇ ಅರ್ಪಿಸಿದ್ದಾರೆ, ಮೂಲವನ್ನು ಬದಿಗೆ ತಳ್ಳಲು ಹೊರಟವರಲ್ಲ. ಆದರೆ ಹಾಲಿವುಡ್ಡಿಗೆ ಅದು ನಷ್ಟದ ಬಾಬತ್ತಾಯಿತು. ಹತ್ತು ವರ್ಷದ ಮೇಲೆ ಇಂಥದ್ದಕ್ಕೆ ಹಣ ಹಾಕುವವರು ಉಳಿದಿದ್ದರೇ? ಸ್ಲೂಯಿಸರ್ ಅಮೆರಿಕಕ್ಕೆ ಹೋಗುವ ಹೊತ್ತಿಗೆ ಕಾಲವೇ ಬೇರೆಯಾಗಿತ್ತು.

ಹಿಂದಿನಬೆಂಚು:
ಅಂದರೆ ಕೊನೆಗೆ ದುಡ್ಡಿಗೇ ಬಂದಿರಿ.

ಕತ್ತಲಕೋಣೆ:
ಬಂದಿಲ್ಲ. 1974ರ ‘ದಿ ಕಾನ್ವರ್ಸೇಶನ್’ ಮಾಡಿದ ಕೊಪೊಲಾಗೆ ಹಣ ಕೊಟ್ಟದ್ದೂ ಅದೇ ಹಾಲಿವುಡ್. ಕದ್ದು ಕೇಳುವವನ ಅಂಥ ಚಿತ್ರ ಯುರೋಪಿನಲ್ಲೂ ವಿರಳ. ಸ್ವಂತ ಕಥೆ ಹೇಳುವಾಗ ಅಮೆರಿಕನ್ನರಿಗೆ ಯಾವ ಅಳುಕೂ ಇಲ್ಲ. ಬೇರೆಯವರ ಕಥೆ ಎರವಲು ತಂದಾಗ ಮಾತ್ರ, ನಮ್ಮವರಿಗೆ ಅರ್ಥವಾಗುವುದೋ ಇಲ್ಲವೋ ಎಂಬ ಚಿಂತೆ ಹತ್ತಿ, ಬಿಡಿಸಿ ಬಿಡಿಸಿ ಹೇಳುತ್ತಾರೆ. ನನ್ನ ಜಗಳ ಇಷ್ಟಕ್ಕೇ.

ರೀಲುಡಬ್ಬಿ:
ಮೊದಲೇ ಹೀಗೆ ಬರೆದಿದ್ದರೆ ನಾನು ಬಾಯಿ ಹಾಕುತ್ತಲೇ ಇರಲಿಲ್ಲ. ಆದರೂ ಪಚಿನೋ ಪರವಾದ ನನ್ನ ಮತ ಬದಲಾಗದು.

ಮಧ್ಯಂತರ:
ನಿನ್ನೆ ರಾತ್ರಿ ಡೆನ್ಮಾರ್ಕಿನ ‘ದಿ ಗಿಲ್ಟಿ’ ನೋಡಿದೆ. ಮೊದಲ ಹತ್ತು ನಿಮಿಷ, ಇವನು ಫೋನಿನಲ್ಲೇ ಕಾಲ ಕಳೆಯುತ್ತಾನೆಯೇ ಎಂದು ಗೊಣಗಿದೆ, ಆಮೇಲೆ ಕುರ್ಚಿಯಿಂದ ಏಳಲಿಲ್ಲ. ಈ ಭಾನುವಾರ ಲಾರಿಗಳದ್ದು, ಫ್ರೆಂಚಿನದೇ. ಮೊದಲ ಒಂದು ಗಂಟೆ ಲಾರಿ ಹೊರಡುವುದೇ ಇಲ್ಲವಂತೆ. ಓಡಿಸಿಕೊಂಡು ನೋಡಬಹುದೇ?

ಇಳಿಹೊತ್ತು:
ಬೇಡ. ಆ ಊರಿನ ಸೆಕೆ, ನೊಣ, ಕೆಲಸವಿಲ್ಲದೆ ಬಿದ್ದುಕೊಂಡ ಗಂಡಸರು, ಅಲ್ಲಿಂದ ಹೊರಬೀಳಲು ವಿಮಾನದ ಟಿಕೆಟ್ಟಿಗೆ ಕಾಸಿಲ್ಲದ ಪಾಡು, ಇದನ್ನೆಲ್ಲ ನೋಡದಿದ್ದರೆ ತಲೆಗೆ ಎರಡು ಸಾವಿರ ಡಾಲರಿಗೆ ಆ ಲಾರಿ ಹತ್ತಿದ್ದು ಯಾಕೆಂದು ತಿಳಿಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಅಮೆರಿಕದಲ್ಲಿ ಮೊದಲು ಬಿಡುಗಡೆ ಮಾಡಿದಾಗ ಅಲ್ಲಿನ ತೈಲ ಕಂಪನಿಯನ್ನು ಟೀಕಿಸುವ ಭಾಗಗಳಿಗೆ ಕತ್ತರಿ ಹಾಕಿದ್ದರು. ಶುರು ಮಾಡುವ ಮುನ್ನ ಅವಧಿ ನೋಡಿಕೊಳ್ಳಿ. ಎರಡೂವರೆ ಗಂಟೆಯ ಆಸುಪಾಸಿನಲ್ಲಿದ್ದರೆ ಪೂರ್ಣ ಪ್ರತಿ. ತೀರಾ ಕಡಿಮೆ ಇದ್ದರೆ ಬೇರೆ ಪ್ರತಿ ಹುಡುಕಿ.