ಕ್ಲೋರಿನ್ ಗುಳಿಗೆ ಎರಡೇ ವರ್ಷಕ್ಕೆ ಪುಡಿಯಾಗಿವೆ, ನಕಲಿ ಮಾಲಾ?

ಬಿಸಿಲೂರ ಹುಡುಗ (ರಾಯಚೂರು):
ತಲೆ ಕೆಟ್ಟು ಹೋಗಿದೆ. ಹೊಳೆ ಉಕ್ಕಿದರೆ ಇರಲಿ ಅಂತ ಕುಡಿಯುವ ನೀರಿನ ಗುಳಿಗೆ ತಂದಿಟ್ಟಿದ್ದೆ. ಅವಧಿ 5 ವರ್ಷ, ಇನ್ನೂ 3 ಬಾಕಿ. ನಿನ್ನೆ ತೆಗೆದರೆ ಅರ್ಧ ಪುಡಿ, ಉಳಿದದ್ದು ಹಳದಿ. ನೀರಿಗೆ ಹಾಕಿದರೆ ನೊರೆ ಏಳುವುದಿಲ್ಲ. ಅಂಗಡಿಯವನು ಮೋಸ ಮಾಡಿದನಾ?

ಮಾನ್ವಿ ಮೇಷ್ಟ್ರು:
ಬಿಸಿಲು ತಮ್ಮ, ಬಿಸಿಲು! ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಅಟ್ಟದ ಮೇಲೆ ಇಟ್ಟಿರುತ್ತೀರಿ.

ಬಿಸಿಲೂರ ಹುಡುಗ:
ಇಲ್ಲ ಸರ್, ಒಳಗಿನ ಕೋಣೆ. ತಂಪಾಗೇ ಇರುತ್ತದೆ.

ಮಾನ್ವಿ ಮೇಷ್ಟ್ರು:
ಆದರೂ ಬಿಸಿಲೇ. ಗೋಡೆ ಕಾಯುತ್ತದೆ.

ಗಂಗಾವತಿ ರೈತ:
ಗುಳಿಗೆ ಗೊಡವೆ ಯಾಕೆ? ನಮ್ಮಲ್ಲಿ ಒಂದು ಚೀಲ ಬ್ಲೀಚಿಂಗ್ ಪೌಡರ್ ಇದೆ. 2000 ಲೀಟರ್ ಟ್ಯಾಂಕ್ ಎರಡು, ಜೊತೆಗೆ ನೀರು ಶುದ್ಧ ಮಾಡುವ ಆರ್‌ಒ ಯಂತ್ರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗಲೂ ನಾವು ಆರಾಮಾಗಿದ್ದೆವು.

ಲ್ಯಾಬ್ ಅಕ್ಕ (ಕೊಪ್ಪಳ):
ಅಣ್ಣಾ, ಬಾಯಿ ಬಿಚ್ಚಿದ ಬ್ಲೀಚಿಂಗ್ ಚೀಲದಲ್ಲಿ ಕ್ಲೋರಿನ್ ಬೇಗ ಇಳಿಯುತ್ತದೆ. ಕರೆಂಟ್ ಹೋದರೆ ಆರ್‌ಒ ಸುಮ್ನೆ ಗೋಡೆಗೆ ಅಲಂಕಾರ. ಹುಡುಗಾ, ಗುಳಿಗೆ ಸ್ಟ್ರಿಪ್‌ನಲ್ಲೇ ಇದ್ದವಾ?

ಗಂಗಾವತಿ ರೈತ:
ಇನ್ವರ್ಟರ್ ಇದೆ ಅಕ್ಕಾ. ಆರ್‌ಒ ಫ್ಲೋರೈಡ್ ತೆಗೆಯುತ್ತದೆ, ನಿಮ್ಮ ಗುಳಿಗೆ ತೆಗೆಯುತ್ತದಾ?

ಲ್ಯಾಬ್ ಅಕ್ಕ:
ತೆಗೆಯುವುದಿಲ್ಲ. ಅದು ಕ್ರಿಮಿ ಕೊಲ್ಲುವುದಕ್ಕೆ ಅಷ್ಟೇ. ಪ್ರಶ್ನೆ ಅದಲ್ಲವಲ್ಲ.

ಬಿಸಿಲೂರ ಹುಡುಗ:
ಸ್ಟ್ರಿಪ್ ಜಾಸ್ತಿ ಜಾಗ ತಿನ್ನುತ್ತಿತ್ತು. ಎಲ್ಲ ಬಿಡಿಸಿ ಡಬ್ಬಿಗೆ ತುಂಬಿದ್ದೆ. ತಗಡಿನ ಡಬ್ಬಿ. ಕಬ್ಬಿಣದ ಟ್ರಂಕ್‌ನಲ್ಲಿತ್ತು. ಹಾಂ, ಟ್ರಂಕ್ ಒಳಗೆ ತುಕ್ಕೂ ಹಿಡಿದಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಲ್ಯಾಬ್ ಅಕ್ಕ:
ಇದನ್ನು ಮೊದಲೇ ಹೇಳಬಾರದಾ! ಆ 5 ವರ್ಷ ಇರುವುದು ಸೀಲ್ ಇರುವ ಸ್ಟ್ರಿಪ್‌ಗೆ. ಬಿಡಿಸಿದರೆ ಗಾಳಿಯ ತೇವ ಕುಡಿದು ಕ್ಲೋರಿನ್ ಬಿಟ್ಟುಕೊಡುತ್ತದೆ. ಅದೇ ಆವಿ ಕಬ್ಬಿಣ ತಿಂದಿದೆ. ಅಂಗಡಿಯವನದು ತಪ್ಪಿಲ್ಲ. ಮುಂದಿನ ಸಲ ಸ್ಟ್ರಿಪ್ ಸಮೇತ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಮಕ್ಕಳ ಕೈಗೆ ಸಿಗದ ಕಡೆ. ಅವಧಿಯ ತಿಂಗಳು ಮುಚ್ಚಳದ ಮೇಲೆ ಬರೆಯಿರಿ.

ಮಾನ್ವಿ ಮೇಷ್ಟ್ರು:
ಬಿಸಿಲೂ ಕಾರಣವೇ, ಬರೆದುಕೊಳ್ಳಿ.

ಬಿಸಿಲೂರ ಹುಡುಗ:
ಚೆನ್ನಾಗಿ ಕಾಣುವ ಗುಳಿಗೆ ಎರಡೆರಡು ಹಾಕಿದರೆ ನಡೆಯುತ್ತದಾ?

ಲ್ಯಾಬ್ ಅಕ್ಕ:
ಬೇಡ. ಎಷ್ಟು ಶಕ್ತಿ ಉಳಿದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹೊಸದು ತನ್ನಿ. 67 ಮಿಲಿಗ್ರಾಂ ಗುಳಿಗೆ ಒಂದು 20 ಲೀಟರ್ ತಿಳಿ ನೀರಿಗೆ, ಕುಡಿಯುವ ಮುಂಚೆ 30 ನಿಮಿಷ ಬಿಡಬೇಕು. ಹೊಳೆ ನೀರು ಕೆಂಪಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಆಮೇಲೆ ಎರಡು ಗುಳಿಗೆ. ಹಳೆಯದನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಗಂಗಾವತಿ ರೈತ:
ನಮ್ಮ ಟ್ಯಾಂಕ್‌ಗೆ 100 ಗುಳಿಗೆ ಬೇಕಾಗುತ್ತದಾ ಹಾಗಾದರೆ?

ಲ್ಯಾಬ್ ಅಕ್ಕ:
ಕೊಡದಲ್ಲಿ ಕುಡಿಯುವ ನೀರು ಬೇರೆ ಇಡಿ ಅಣ್ಣಾ. ದನಕ್ಕೂ ಕ್ಲೋರಿನ್ ಕುಡಿಸುತ್ತೀರಾ?

ಬಿಸಿಲೂರ ಹುಡುಗ:
ಇನ್ನೊಂದು ಹೇಳುವುದು ಮರೆತೆ. ಅದೇ ಟ್ರಂಕ್‌ನಲ್ಲಿ ಅಮ್ಮನ ಇಳಕಲ್ ಸೀರೆಯೂ ಇತ್ತು. ಸೆರಗು ಅಲ್ಲಲ್ಲಿ ಬಿಳಿಚಿಕೊಂಡಿದೆ. ಅಮ್ಮ ಇನ್ನೂ ನೋಡಿಲ್ಲ. ಬಣ್ಣ ಹಾಕುವವರು ಯಾರಾದರೂ ಗೊತ್ತಾ?